ಸುತ್ತೋದಾ, ತೂಗೋದಾ?

ಚೆನ್ನೈನ ಸೌಕಾರ್‌ಪೇಟೆಯಲ್ಲಿ, ಮಿಂಟ್ ಸ್ಟ್ರೀಟಿನಿಂದ ಯಾನೈಕವುನಿ ಕಡೆಗೆ ಹೊರಳುವ ಗಲ್ಲಿಯೊಂದರಲ್ಲಿ, ಎಂಟಡಿ ಅಗಲದ ಒಂದು ಮಳಿಗೆಯ ಮುಂದೆ ಹೋದ ತಿಂಗಳು ತುಂಬ ಹೊತ್ತು ನಿಂತಿದ್ದೆ. ಒಳಗೆ ಗಾಜಿನ ಕಪಾಟು, ಕಪಾಟಿನ ತುಂಬ ಇಮಿಟೇಶನ್ ಸರ, ಜುಮುಕಿ, ಕಲ್ಲಿನ ಬಳೆ. ಸಗಟು ಖರೀದಿಗೆ ಬಂದ ಹೆಂಗಸರು ಡಜನ್ ಲೆಕ್ಕದಲ್ಲಿ ಆರಿಸುತ್ತಿದ್ದರು. ಏನು ಬೇಕೆಂದು ಕೆಲಸದ ಹುಡುಗ ಎರಡು ಸಲ ಕೇಳಿದ. ನಾನು ನೋಡುತ್ತಿದ್ದದ್ದು ನೆಲವನ್ನು. ಮಳಿಗೆಗೆ ಹೊಸ ಬಣ್ಣ, ಹೊಸ ದೀಪ ಎಲ್ಲ ಬಂದಿದೆ. ನೆಲದ ಕಡಪಾ ಕಲ್ಲನ್ನು ಮಾತ್ರ ಬದಲಿಸಿಲ್ಲ. ಅದರಲ್ಲಿ ನಾಲ್ಕು ತೂತುಗಳಿಗೆ ಸಿಮೆಂಟ್ ಮೆತ್ತಿದ ಗುರುತು ಹಾಗೇ ಇದೆ. ಲೇತ್ ಮೆಷಿನ್ನಿನ ಬೋಲ್ಟುಗಳು ಕೂತಿದ್ದ ಜಾಗ ಅದು.

ಆ ಲೇತಿನ ಮುಂದೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಿಂತವರು ಹೊಸೂರಿನಾಚೆಯ ತಳಿ ಕಡೆಯ ಮೇಸ್ತ್ರಿ. ಮನೆಮಾತು ಕನ್ನಡ, ಗಿರಾಕಿಗಳ ಜೊತೆ ತಮಿಳು, ಸೇಠುಗಳ ಜೊತೆ ಒಡಕು ಹಿಂದಿ. ನಮ್ಮಪ್ಪ ಕನ್ನಡದವರೆಂದು ಗೊತ್ತಾದ ದಿನ ಅವರು ಕೈಯಲ್ಲಿದ್ದ ಕೆಲಸ ಕೆಳಗಿಟ್ಟು, ಎದುರು ಅಂಗಡಿಯಿಂದ ಮಸಾಲೆ ಹಾಲು ತರಿಸಿದ್ದರಂತೆ. ಸೌಕಾರ್‌ಪೇಟೆಯಲ್ಲಿ ಮಾರವಾಡಿ, ಗುಜರಾತಿ, ತೆಲುಗು, ತಮಿಳು ಎಲ್ಲ ಕಿವಿಗೆ ಬೀಳುತ್ತದೆ. ಕನ್ನಡ ಬೀಳುವುದು ಅಪರೂಪ. ಗಲ್ಲಿಯ ಕೊನೆಗೆ ಸಿಗುವ ವಾಲ್‌ಟ್ಯಾಕ್ಸ್ ರಸ್ತೆಯ ಕಥೆಯನ್ನು ನನಗೆ ಹೇಳಿದವರೂ ಅವರೇ. ಹೈದರಾಲಿಯ ದಾಳಿಗಳಿಗೆ ಹೆದರಿ ಕಂಪನಿಯವರು ಊರಿನ ಸುತ್ತ ಗೋಡೆ ಎಬ್ಬಿಸಿದರು, ಅದರ ಖರ್ಚಿಗೆ ಜನರ ಮೇಲೆ ತೆರಿಗೆ ಹಾಕಲು ಹೊರಟರು, ವಸೂಲಿ ಆಗಲೇ ಇಲ್ಲ, ಹೆಸರು ಮಾತ್ರ ರಸ್ತೆಗೆ ಅಂಟಿಕೊಂಡಿತು. 'ನಮ್ ಮೈಸೂರ್ ದಂಡಿಗೆ ಹೆದ್ರಿ ಕಟ್ಟಿದ್ ಗೋಡೆ, ಮರಿ' ಎನ್ನುವಾಗ ಅವರ ದನಿಯಲ್ಲಿ ಊರಿನ ಹೆಮ್ಮೆ ಇರುತ್ತಿತ್ತು.

ಅಪ್ಪ ಬ್ಯಾಂಕ್ ಗುಮಾಸ್ತ. ನಾವಿದ್ದದ್ದು ಮಿಂಟ್ ಸ್ಟ್ರೀಟಿನ ಪಕ್ಕದ ಗಲ್ಲಿಯ ಮಹಡಿ ಮನೆಯ ಒಂದು ಪೋರ್ಷನ್ನಿನಲ್ಲಿ. ಎಪ್ಪತ್ತರ ದಶಕದ ನಡುವೆ ಅವರು ಸೆಕೆಂಡ್ ಹ್ಯಾಂಡ್ ಸ್ಟ್ಯಾಂಡರ್ಡ್ ಹೆರಾಲ್ಡ್ ಕೊಂಡರು. ಕೈಗಾಡಿ, ಸೈಕಲ್ ರಿಕ್ಷಾ, ಬಟ್ಟೆ ಬೇಲು, ದನ ಎಲ್ಲ ಒಂದೇ ಗಲ್ಲಿಯಲ್ಲಿ ನುಗ್ಗುವ ಪೇಟೆಯಲ್ಲಿ ಕಾರೇಕೆ ಎಂದು ಅಮ್ಮ ಕೇಳಿದ್ದಕ್ಕೆ ಅಪ್ಪ ಕೊಟ್ಟ ಉತ್ತರ ನನಗೆ ನೆನಪಿದೆ. ಈ ಗಲ್ಲಿಯಲ್ಲಿ ತಿರುಗಿಸೋದಕ್ಕೆ ಆಗೋ ಕಾರು ಇದೊಂದೇ, ಎಂದಿದ್ದರು. ಅದು ನಿಜ. ಹೆರಾಲ್ಡಿನ ಮುಂದಿನ ಚಕ್ರಗಳು ಎಷ್ಟು ವಾಲುತ್ತವೆಂದರೆ 25 ಅಡಿಯ ವೃತ್ತದೊಳಗೆ ಕಾರು ಪೂರಾ ಸುತ್ತು ಹೊಡೆಯುತ್ತದೆ. ಅಂಬಾಸಡರಿನವರು ನಾಲ್ಕು ಸಲ ಹಿಂದೆ ಮುಂದೆ ಮಾಡುವ ಜಾಗದಲ್ಲಿ ಅಪ್ಪ ಒಂದೇ ಸಲಕ್ಕೆ ತಿರುಗಿಸಿ ಗೋಡೌನಿನ ಪಕ್ಕ ನಿಲ್ಲಿಸುತ್ತಿದ್ದರು.

ಇಟಲಿಯ ಮಿಕೆಲೊಟ್ಟಿ ರೂಪಿಸಿದ ಆ ಕಾರು ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್. ನಮ್ಮಲ್ಲಿ 1961ರಿಂದ ಸುಮಾರು ಹತ್ತು ವರ್ಷ ಮದ್ರಾಸಿನ ಹೊರಗಿನ ವಂಡಲೂರಿನಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್‌ನವರು ಕಟ್ಟಿದ ಸ್ಟ್ಯಾಂಡರ್ಡ್ ಹೆರಾಲ್ಡ್. 948 ಸಿಸಿ ಎಂಜಿನ್. ಬಾನೆಟ್ಟು, ಮಡ್ಗಾರ್ಡು ಎಲ್ಲ ಒಟ್ಟಿಗೇ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ಹಾಗೆ ಮಗುಚಿದರೆ ಮುಂದಿನ ಟೈರಿನ ಮೇಲೇ ಕೂತು ಕೆಲಸ ಮಾಡಬಹುದು. ಮೇಸ್ತ್ರಿ ನನಗೆ ಮೊದಲ ಪಾಠ ಹೇಳಿದ್ದು ಹಾಗೆ ಟೈರಿನ ಮೇಲೆ ಕೂರಿಸಿಕೊಂಡೇ.

ಸ್ಟೀರಿಂಗ್ ತಿರುಗಿಸಿದರೆ ಎಡಗಡೆ ಕಟ್ ಕಟ್ ಎನ್ನುತ್ತಿತ್ತು. ಬೇರಿಂಗ್ ಹೋಗಿರಬೇಕು ಎಂದು ಅಪ್ಪ ತಂದು ನಿಲ್ಲಿಸಿದ್ದರು. ಮೇಸ್ತ್ರಿ ಜ್ಯಾಕ್ ಏರಿಸಿ, ಚಕ್ರದ ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಾಡಿಸಿದರು. ನನ್ನ ಕೈಯನ್ನೂ ಹಿಡಿಸಿದರು. ಆಮೇಲೆ ಕೇಳಿದರು: 'ಸದ್ದು ಬರೋ ಜಾಗ ಸುತ್ತೋದಾ, ತೂಗೋದಾ?'

ಅರ್ಥವಾಗಲಿಲ್ಲ. ಅವರು ಚಕ್ರವನ್ನು ಗಿರ್ರನೆ ಬಿಟ್ಟರು. 'ಇದು ಸುತ್ತೋದು. ಗಾಣದೆತ್ತಿನ ಹಾಗೆ, ನಿಲ್ಸೋ ತನಕ ಒಂದೇ ಕಡೀಕ್ ಸುತ್ತುತ್ತೆ. ಇಂಥ ಜಾಗಕ್ಕೆ ಬೇರಿಂಗ್.' ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಆಡಿಸಿದರು. 'ಇದು ತೂಗೋದು. ತೊಟ್ಲ ಹಾಗೆ, ಹೋಗುತ್ತೆ, ಬರುತ್ತೆ, ಪೂರಾ ಸುತ್ತು ಯಾವತ್ತೂ ಹೊಡ್ಯಲ್ಲ. ತೂಗೋ ಜಾಗಕ್ಕೆ ಬುಷ್.' ಒಂದೇ ಗೇಣಿನ ಅಂತರದಲ್ಲಿ ಎರಡೂ ಇದ್ದವು. ಚಕ್ರದ ಹಬ್ಬಿನೊಳಗೆ ಎರಡು ಟೇಪರ್ ರೋಲರ್ ಬೇರಿಂಗ್. ಅದರ ಬೆನ್ನ ಹಿಂದೆ, ಚಕ್ರವನ್ನು ಹೊತ್ತು ಅತ್ತಿತ್ತ ವಾಲುವ ಉಕ್ಕಿನ ಕಂಬ, ಕಂಬದ ಬುಡಕ್ಕೆ ತಿರುಪಿನ ಮರೆ, ಆ ಮರೆ ಕೂರುವ ಕಂಚಿನ ಟ್ರನ್ನಿಯನ್. ಕಟ್ ಕಟ್ ಬರುತ್ತಿದ್ದದ್ದು ಬೇರಿಂಗಿನಿಂದಲ್ಲ, ಟ್ರನ್ನಿಯನ್ ಕೆಳತೋಳಿಗೆ ಸೇರುವಲ್ಲಿನ ನೈಲಾನ್ ಬುಷ್ ಸವೆದು.

ಈ ಐವತ್ತು ವರ್ಷದಲ್ಲಿ ಹಳೇ ಕಾರುಗಳ ಬಗ್ಗೆ ಎಷ್ಟೋ ಪುಸ್ತಕ ಓದಿದ್ದೇನೆ. ಮೇಸ್ತ್ರಿಯ ಆ ಪ್ರಶ್ನೆಗಿಂತ ಹತ್ತಿರದ ದಾರಿ ಯಾವುದರಲ್ಲೂ ಸಿಗಲಿಲ್ಲ. ಬೇರಿಂಗಿನ ಗುಂಡು ತಾಗುವುದು ಚುಕ್ಕೆಯಷ್ಟು ಜಾಗಕ್ಕೆ, ರೋಲರ್ ತಾಗುವುದು ಗೆರೆಯಷ್ಟು ಜಾಗಕ್ಕೆ. ಸುತ್ತುತ್ತಿದ್ದರೆ ಆ ಚುಕ್ಕೆ ದಾರಿಯುದ್ದಕ್ಕೂ ಓಡುತ್ತದೆ, ಜೊತೆಗೆ ಎಣ್ಣೆಯೂ ಓಡುತ್ತದೆ. ಬರೀ ತೂಗುತ್ತಿದ್ದರೆ? ಅದೇ ನಾಲ್ಕಾರು ಗುಂಡು ಅದೇ ಜಾಗವನ್ನು ಕುಟ್ಟಿ ಕುಟ್ಟಿ ಎಣ್ಣೆಯನ್ನು ಆಚೆ ತಳ್ಳಿ ಕುಳಿ ಮಾಡುತ್ತವೆ. 1930ರ ದಶಕದ ಅಮೆರಿಕದಲ್ಲಿ ಹೊಸ ಕಾರುಗಳನ್ನು ರೈಲಿನಲ್ಲಿ ಹೇರಿ ದೂರದೂರಿಗೆ ಕಳಿಸಿದಾಗ, ರಸ್ತೆಗೇ ಇಳಿಯದ ಆ ಕಾರುಗಳ ಚಕ್ರದ ಬೇರಿಂಗಿನಲ್ಲಿ ಸಾಲಾಗಿ ಕುಳಿ ಬಿದ್ದಿದ್ದವು. ನಿಂತಲ್ಲೇ ಅದುರಿದ್ದಷ್ಟೇ ಕಾರಣ. ಬುಷ್ ಹಾಗಲ್ಲ. ಅದು ಪಿನ್ನನ್ನು ಸುತ್ತಲೂ ತಬ್ಬಿ ಹಿಡಿಯುತ್ತದೆ. ರಸ್ತೆಗುಂಡಿಯ ಏಟು ಬಿದ್ದರೆ ಅಗಲವಾದ ಜಾಗದ ಮೇಲೆ ಹಂಚಿಕೊಳ್ಳುತ್ತದೆ. ಪಿನ್ನಿಗಿಂತ ಬೇಕೆಂದೇ ಮೆದು, ತಾನು ಸವೆದು ಪಿನ್ನನ್ನು ಉಳಿಸಲಿ ಎಂದು. ನಮ್ಮ ಎತ್ತಿನ ಬಂಡಿಯ ಗುಂಬದೊಳಗೆ ಕಬ್ಬಿಣದ ಬಳೆ ಕೂರಿಸಿ, ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಕೀಲೆಣ್ಣೆ ಹಾಕುತ್ತಿದ್ದವರ ಬುದ್ಧಿಯೂ ಇದೇ.

ಮೇಸ್ತ್ರಿ ಬೇರಿಂಗಿನ ವಿರೋಧಿಯಾಗಿರಲಿಲ್ಲ, ನಾನೂ ಅಲ್ಲ. ಹಬ್ಬಿಗೆ, ಗೇರ್‌ಬಾಕ್ಸಿಗೆ, ವಾಟರ್ ಪಂಪಿಗೆ ಅವರು ಬೇರಿಂಗನ್ನೇ ಹಾಕುತ್ತಿದ್ದರು. ನಂಬರ್ ಅಳಿಸಿಹೋಗಿದ್ದರೂ ಕಿರುಬೆರಳು ತೂರಿಸಿ 'ಆರು ಸಾವ್ರದ್ ಇನ್ನೂರ್ ಮೂರು, ಹದಿನೇಳ್ ಎಂಎಂ' ಎಂದುಬಿಡುತ್ತಿದ್ದರು. ಡೈನಮೋದಲ್ಲಿ ಎರಡೂ ಇರುತ್ತವೆ. ಲ್ಯೂಕಾಸ್ ಡೈನಮೋದ ಬೆಲ್ಟಿನ ಕಡೆಗೆ ಬಾಲ್ ಬೇರಿಂಗ್, ಏಕೆಂದರೆ ಬೆಲ್ಟ್ ಎಳೆಯುವ ಭಾರ ಅಲ್ಲಿ. ಹಿಂದಿನ ಕಡೆಗೆ ಪುಟ್ಟ ಕಂಚಿನ ಬುಷ್. ಹಾಗಾದರೆ ಸುತ್ತುವ ಜಾಗದಲ್ಲಿ ಬುಷ್ ಯಾಕೆ ಎಂದು ಕೇಳಿದ್ದೆ. ಭಾರ ಇಲ್ಲ, ಜಾಗ ಇಲ್ಲ, ಎಣ್ಣೆ ಇದೆ ಎಂದರು. ಆ ಬುಷ್ ಕಂಚಿನ ಪುಡಿಯನ್ನು ಒತ್ತಿ ಮಾಡಿದ್ದು, ಸ್ಪಂಜಿನ ಹಾಗೆ ಮೈಯೆಲ್ಲ ರಂಧ್ರ. ಹೊಸದು ತಂದರೆ ತೆಳು ಎಂಜಿನ್ ಎಣ್ಣೆಯಲ್ಲಿ ಒಂದು ಹಗಲು ಒಂದು ರಾತ್ರಿ ಮುಳುಗಿಸಿಡಬೇಕು. ಅಂಗಡಿಯ ಮೂಲೆಯಲ್ಲಿ ಅದಕ್ಕೆಂದೇ ಒಂದು ಹಾರ್ಲಿಕ್ಸ್ ಬಾಟಲಿ ಇತ್ತು. ಬುಷ್ ಬಿದ್ದೊಡನೆ ಸಣ್ಣ ಸಣ್ಣ ಗುಳ್ಳೆ ಏಳುವುದನ್ನು ನಾನು ಬಗ್ಗಿ ನೋಡುತ್ತಿದ್ದೆ. ಕೂರಿಸಿದ ಮೇಲೆ ಅದಕ್ಕೆ ತೂತು ಹೆರೆಯುವ ರೀಮರ್ ಹಾಕಕೂಡದು. ಹಾಕಿದರೆ ರಂಧ್ರಗಳ ಬಾಯಿ ಮುಚ್ಚಿ ಬುಷ್ ಒಣಗುತ್ತದೆ. ಅದಕ್ಕೇ ಶಾಫ್ಟಿನ ಅಳತೆಗೆ ಸರಿಯಾಗಿ ಕಡೆದು ಕನ್ನಡಿಯಂತೆ ಪಾಲಿಶ್ ಮಾಡಿದ ಉಕ್ಕಿನ ಕಡ್ಡಿಯ ಮೇಲೆ ಏರಿಸಿ ಒತ್ತುತ್ತಿದ್ದರು. ಕಡ್ಡಿ ಹೊರಗೆ ಬಂದಾಗ ತೂತು ತಾನಾಗಿ ಸೈಜಿಗೆ ಬಂದಿರುತ್ತಿತ್ತು.

ಮುಂದಿನ ಚಕ್ರ ಯಾವುದರ ಮೇಲೆ ಎಡಬಲಕ್ಕೆ ವಾಲುತ್ತದೋ ಆ ಕಿಂಗ್‌ಪಿನ್ನಿನ ಬುಷ್‌ಗೆ ಇದರ ತದ್ವಿರುದ್ಧ. ಅದು ರೀಮರ್ ಬೇಡುತ್ತದೆ. ಫಿಯೆಟ್ ಟ್ಯಾಕ್ಸಿಗಳದ್ದು ವಾರಕ್ಕೊಂದಾದರೂ ಬರುತ್ತಿತ್ತು. ಒಮ್ಮೆ ಅಪ್ಪನ ಜೊತೆ ಹೋಗಿದ್ದಾಗ ಇಡೀ ಕೆಲಸ ನೋಡಿದೆ. ಟ್ಯಾಕ್ಸಿಯವರು ಮಧ್ಯಾಹ್ನದೊಳಗೆ ಆಗಬೇಕೆಂದು ಅವಸರ ಮಾಡುತ್ತಿದ್ದರು, ಮಾರನೆಯ ದಿನ ತಿರುಪತಿ ಕೊಡೆ ಯಾನೈಕವುನಿ ದಾಟುವ ದಿನ. ಬ್ರಹ್ಮೋತ್ಸವಕ್ಕೆ ಚೆನ್ನಕೇಶವ ಪೆರುಮಾಳ್ ಗುಡಿಯಿಂದ ಹೊರಡುವ ಬಿಳಿ ಕೊಡೆಗಳ ಮೆರವಣಿಗೆ ಬಂತೆಂದರೆ ಆ ರಸ್ತೆಯಲ್ಲಿ ಯಾವ ಗಾಡಿಯೂ ಅಲುಗುವಂತಿಲ್ಲ. ಮೇಸ್ತ್ರಿಗೆ ಅವಸರವಿರಲಿಲ್ಲ. ಲೋಹದಂಗಡಿಯ ಸೇಠ್‌ಜಿಯ ಹತ್ತಿರ ಗನ್‌ಮೆಟಲ್ ಸರಳು ತೂಕದ ಮೇಲೆ ತರಿಸಿದರು. ನೂರಕ್ಕೆ ಎಂಬತ್ತೆಂಟು ಪಾಲು ತಾಮ್ರ, ಹತ್ತು ತವರ, ಎರಡು ಸತು. ಹೆಸರು ಹೇಳುವ ಹಾಗೆ ಹಿಂದೆ ತೋಪು ಎರೆಯುತ್ತಿದ್ದ ಲೋಹ. ಸರಳನ್ನು ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳಿದರು. ಎರಡನೆಯದನ್ನು ಇಟ್ಟುಕೊಂಡು ಮೊದಲನೆಯದನ್ನು ವಾಪಸ್ ಕಳಿಸಿದರು.

ಲೇತ್ ಓಡತೊಡಗಿದರೆ ಹೊಂಬಣ್ಣದ ಚೂರು ಮಳೆಯಂತೆ ಉದುರುತ್ತಿತ್ತು. ಉಕ್ಕು ಕಡೆದರೆ ಸುರುಳಿ ಬರುತ್ತದೆ, ಗನ್‌ಮೆಟಲ್ ಕಡೆದರೆ ರವೆ. ಕೈಮೇಲೆ ಬಿದ್ದರೆ ಬಿಸಿ, ಆದರೆ ಚುಚ್ಚುವುದಿಲ್ಲ. ಸಂಜೆ ಆ ರವೆಯನ್ನು ಗುಡಿಸಿ ಡಬ್ಬಕ್ಕೆ ತುಂಬಿ ಮತ್ತೆ ಸೇಠ್‌ಜಿಗೇ ತೂಗಿ ಕೊಡುತ್ತಿದ್ದರು. ಅಕ್ಕಸಾಲಿಗರ ಅಂಗಡಿಯ ಮುಂದಿನ ಧೂಳನ್ನೂ ಗುಡಿಸಿ ತೊಳೆದು ಚಿನ್ನ ಹುಡುಕುವ ಪೇಟೆ ಅದು. ಹೊರಮೈ ಆದ ಮೇಲೆ ಒಳಮೈ. ಆಮೇಲೆ ಗ್ರೀಸ್ ಓಡಲು ಒಳಗೊಂದು ಸಣ್ಣ ಕಾಲುವೆ, ಗ್ರೀಸ್ ನಿಪ್ಪಲಿನ ತೂತಿಗೆ ಸರಿಯಾಗಿ ಒಂದು ತೂತು. ಆ ತೂತು ಕೂದಲೆಳೆಯಷ್ಟು ಪಕ್ಕಕ್ಕೆ ಕೂತರೂ ಗ್ರೀಸ್ ಒಳಗೆ ಹೋಗುವುದಿಲ್ಲ, ಆರು ತಿಂಗಳಲ್ಲಿ ಪಿನ್ ಕಚ್ಚಿಕೊಳ್ಳುತ್ತದೆ. ವೈಸಿನಲ್ಲಿಟ್ಟು ಒತ್ತಿ ಕೂರಿಸಿ, ಮೇಲಿನ ಬುಷ್ ಕೆಳಗಿನ ಬುಷ್ ಎರಡೂ ಒಂದೇ ನೇರಕ್ಕೆ ಬರುವ ಹಾಗೆ ಉದ್ದದ ರೀಮರನ್ನು ಕೈಯಲ್ಲೇ ತಿರುಗಿಸಿದರು. ಅರ್ಧ ಸುತ್ತು, ಒರೆಸು, ಪಿನ್ ಹಾಕಿ ನೋಡು. ಕಾಲು ಸುತ್ತು, ಒರೆಸು, ನೋಡು. ಒಂದು ಥೌ, ಹೆಚ್ಚೆಂದರೆ ಒಂದೂವರೆ ಥೌ ಸಡಿಲ ಇರಬೇಕು ಎನ್ನುತ್ತಿದ್ದರು. ಇಂಚಿನ ಸಾವಿರದಲ್ಲೊಂದು ಭಾಗ ಅದು, ತಲೆಕೂದಲಿಗಿಂತ ತೆಳು. ಮೈಕ್ರೋಮೀಟರ್ ಪೆಟ್ಟಿಗೆಯಲ್ಲೇ ಇತ್ತು. ಕೊನೆಯ ಪರೀಕ್ಷೆಗೆ ಅವರು ಅದನ್ನು ಮುಟ್ಟಲಿಲ್ಲ. ಎಣ್ಣೆ ಸವರಿದ ಪಿನ್ನನ್ನು ಬುಷ್ ಬಾಯಿಗಿಟ್ಟು ಕೈಬಿಟ್ಟರು. ಪಿನ್ ಬೀಳಲಿಲ್ಲ, ನಿಲ್ಲಲೂ ಇಲ್ಲ. ತನ್ನ ಭಾರಕ್ಕೆ ತಾನೇ, ಉಸಿರು ಬಿಟ್ಟ ಹಾಗೆ, ನಿಧಾನವಾಗಿ ಇಳಿಯಿತು. ಟ್ಯಾಕ್ಸಿಯವರೂ ಮಾತಾಡದೆ ನೋಡುತ್ತಿದ್ದರು.

ನಮ್ಮ ಹೆರಾಲ್ಡಿನ ತೋಳುಗಳ ಒಳತುದಿಯ ರಬ್ಬರ್ ಬುಷ್ ಬದಲಿಸಿದ ದಿನ ಇನ್ನೊಂದು. ಎಲ್ಲ ಜೋಡಿಸಿ ಆಗಿದೆ, ಸಂಜೆಯಾಗಿದೆ, ಆದರೂ ಮೇಸ್ತ್ರಿ ಬೋಲ್ಟ್ ಬಿಗಿಯುವುದಿಲ್ಲ. 'ಅಮ್ಮಾವ್ರನ್ ಕರೀರಿ ಸಾಮಿ, ಮರೀನೂ ಕೂತ್ಕೊಳ್ಳಿ' ಎಂದು ಹೇಳಿ, ಅಮ್ಮನನ್ನು ಮನೆಯಿಂದ ಬರಮಾಡಿಸಿ, ಮುಂದಿನ ಸೀಟಿನಲ್ಲಿ ಅಪ್ಪ ಅಮ್ಮ, ಹಿಂದೆ ನಾನು ಮತ್ತು ತಂಗಿ ಕೂತ ಮೇಲೆ ಕಾರನ್ನು ನಾಲ್ಕು ಸಲ ಒತ್ತಿ ಅಲುಗಾಡಿಸಿ, ಆಮೇಲೆ ಕೆಳಗೆ ತೂರಿ ಸ್ಪ್ಯಾನರ್ ಹಾಕಿದರು. ರಬ್ಬರ್ ಬುಷ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಜ್ಯಾಕಿನ ಮೇಲೆ ಚಕ್ರ ಜೋತಾಡುವಾಗ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ಅದು ತಿರುಚಿಕೊಂಡೇ ಬದುಕಬೇಕು, ಬೇಗ ಹರಿಯುತ್ತದೆ. ಕಂಪನಿಯ ಕೈಪಿಡಿಯಲ್ಲೂ ಸೀಟಿನಲ್ಲಿ ಭಾರವಿಟ್ಟೇ ಬಿಗಿಯಿರಿ ಎಂದಿರುವುದನ್ನು ನಾನು ಎಷ್ಟೋ ವರ್ಷಗಳ ಮೇಲೆ ಓದಿದೆ. ಅಮ್ಮ ಹೊಸ ಸೀರೆ ಉಟ್ಟು ಬಂದಿದ್ದಳು, ಎಲ್ಲೋ ಹೊರಟಿದ್ದೇವೆಂದುಕೊಂಡು. ಅಪ್ಪ ಅಲ್ಲಿಂದ ನೇರ ಮೌಂಟ್ ರೋಡಿನಾಚೆ ವುಡ್‌ಲ್ಯಾಂಡ್ಸ್ ಡ್ರೈವ್-ಇನ್‌ಗೆ ಓಡಿಸಿದರು. ಕಾರಿನಲ್ಲೇ ಕೂತು ದೋಸೆ ತಿಂದೆವು. ಆ ಹೋಟೆಲೂ 2008ರಲ್ಲಿ ಮುಚ್ಚಿತು.

ಈ ಕಸುಬು ಹೇಗೆ ಮರೆಯಾಯಿತೆಂದು ಯೋಚಿಸಿದರೆ ಒಂದೇ ಏಟಿಗೆ ಹೋದದ್ದಲ್ಲ. 1983ರ ಕೊನೆಗೆ ಮಾರುತಿ ಬಂತು. ಅದರ ಮುಂಭಾಗದಲ್ಲಿ ಕಿಂಗ್‌ಪಿನ್ ಇರಲಿಲ್ಲ, ಬುಷ್ ಕಡೆಯುವ ಕೆಲಸವೂ ಇರಲಿಲ್ಲ. ವಂಡಲೂರಿನವರು 1985ರಲ್ಲಿ ತಂದ ಸ್ಟ್ಯಾಂಡರ್ಡ್ 2000 ಹೆಚ್ಚು ದಿನ ನಿಲ್ಲಲಿಲ್ಲ, ಕಾರ್ಖಾನೆಯೂ ನಿಂತಿತು. ಅದೇ 1985ರಲ್ಲಿ ಸೆಂಟ್ರಲ್ ಸ್ಟೇಷನ್ ಪಕ್ಕದ ಮೂರ್ ಮಾರ್ಕೆಟ್ ಸುಟ್ಟುಹೋಯಿತು. ಹಳೆಯ ಸಾಮಾನು ಹುಡುಕಿಕೊಂಡು ಅಲೆಯುವವರ ಒಂದು ಜಗತ್ತೇ ಚದುರಿತು. 2000ದ ಹೊತ್ತಿಗೆ ಪ್ರೀಮಿಯರ್ ಪದ್ಮಿನಿ, 2014ರಲ್ಲಿ ಅಂಬಾಸಡರ್ ತಯಾರಿಕೆ ನಿಂತಿತು. ಇವತ್ತಿನ ಕಾರಿನ ಹಬ್ ಬೇರಿಂಗ್ ಮುಚ್ಚಿದ ಡಬ್ಬಿ: ಗ್ರೀಸ್ ಹಾಕುವ ಹಾಗಿಲ್ಲ, ಬಿಗಿ ನೋಡುವ ಹಾಗಿಲ್ಲ, ಕೂಗಿದರೆ ಇಡಿಯಾಗಿ ಕಿತ್ತೆಸೆಯಬೇಕು. ಲಕ್ಷ ಕಿಲೋಮೀಟರ್ ತಂಟೆಯಿಲ್ಲದೆ ಓಡುವ ಆ ಡಬ್ಬಿಯನ್ನು ನಾನು ಹೀಗಳೆಯುವುದಿಲ್ಲ. ದಿನಾ ಓಡಿಸುವ ಕಾರಿಗೆ ನನಗೂ ಅದೇ ಬೇಕು. ಆದರೆ ಅದರ ಜೊತೆಗೆ ಪ್ರಶ್ನೆ ಕೇಳುವ ಅಭ್ಯಾಸವೂ ಹೋಯಿತು. ಪುದುಪೇಟೆಯ ಸಾಲು ಅಂಗಡಿಗಳಲ್ಲಿ ಇವತ್ತೂ ಯಾವ ಹಳೇ ಭಾಗ ಕೇಳಿದರೂ ಹುಡುಕಿ ಕೊಡುತ್ತಾರೆ. ಇಲ್ಲದ ಭಾಗವನ್ನು ಕಡೆದು ಕೊಡುವ ಕೈ ಸಿಗುವುದು ಕಷ್ಟ. ಮೇಸ್ತ್ರಿಯ ಮಗ ಓದಿ ಬೇರೆ ಕೆಲಸಕ್ಕೆ ಹೋದ. ಸೌಕಾರ್‌ಪೇಟೆಯ ಬಾಡಿಗೆಯನ್ನು ಬುಷ್ ಕಡೆದು ಕಟ್ಟಲಾಗುವುದಿಲ್ಲ, ಇಮಿಟೇಶನ್ ಸರ ಮಾರಿ ಕಟ್ಟಬಹುದು. ಲೇತ್ ಗುಜರಿಗೆ ಹೋಯಿತಂತೆ, ತೂಕದ ಮೇಲೆ.

ಅಪ್ಪ ಹೋದ ಮೇಲೆ ಹೆರಾಲ್ಡ್ ನನ್ನ ಪಾಲಿಗೆ ಬಂತು. ವರ್ಷಗಟ್ಟಲೆ ನಿಂತಿದ್ದ ಕಾರನ್ನು ನಗರದ ಹೊರವಲಯದ ಒಂದು ವರ್ಕ್‌ಶಾಪಿಗೆ ಕೊಟ್ಟೆ. ಶ್ರದ್ಧೆಯಿಂದ ಕೆಲಸ ಮಾಡುವ ಹುಡುಗರು, ಒಳ್ಳೆಯ ಬಣ್ಣ ಹೊಡೆದರು. ಟ್ರನ್ನಿಯನ್ ಬುಡದಲ್ಲಿ ನಿಪ್ಪಲ್ ಕಂಡೊಡನೆ ಗ್ರೀಸ್ ಗನ್ ಹಚ್ಚಿ ಹೊಟ್ಟೆ ತುಂಬ ಗ್ರೀಸ್ ತುಂಬಿದರು. ನಾನು ಅಲ್ಲಿ ನಿಂತು ನೋಡಿಕೊಳ್ಳಲಿಲ್ಲ. ಅಲ್ಲಿಗೆ ಬೇಕಾದದ್ದು ಗ್ರೀಸ್ ಅಲ್ಲ, ಎಣ್ಣೆ. ಗ್ರೀಸ್ ಆ ಸಣ್ಣ ಮರೆಗಳ ನಡುವೆ ಏರುವುದಿಲ್ಲ, ಬುಡದಲ್ಲೇ ಗಟ್ಟಿಯಾಗುತ್ತದೆ. ಮೇಲಿಂದ ಮಳೆನೀರು ಇಳಿದು ಉಕ್ಕಿನ ಮರೆಯನ್ನು ತುಕ್ಕು ತಿನ್ನುತ್ತದೆ. ಎರಡು ಮಳೆಗಾಲ ಕಳೆದವು. ಒಂದು ಬೆಳಿಗ್ಗೆ ಮನೆಯ ಗೇಟಿನಲ್ಲಿ ಸ್ಟೀರಿಂಗನ್ನು ಪೂರಾ ತಿರುಗಿಸಿ ನಡಿಗೆಯ ವೇಗದಲ್ಲಿ ಹಿಂದಕ್ಕೆ ಬರುತ್ತಿದ್ದೆ. ಠಣ್ ಎಂದಿತು. ಎಡಗಡೆಯ ಕಂಬ ಟ್ರನ್ನಿಯನ್ ಬಾಯಲ್ಲೇ ಮುರಿದು, ಚಕ್ರ ಕಾಲು ಮಡಿಸಿದ ಹಾಗೆ ಮಡ್ಗಾರ್ಡಿನ ಅಡಿಗೆ ಮಡಚಿಕೊಂಡಿತು. ಹೆದ್ದಾರಿಯಲ್ಲಿ ಆಗಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ಮುರಿದ ಕಂಬವನ್ನು ನೋಡಿದ ಇನ್ನೊಬ್ಬ ಮೆಕ್ಯಾನಿಕ್, ಕಂಚು ತೆಗೆದು ಸೂಜಿ ಬೇರಿಂಗ್ ಕೂರಿಸೋಣ, ಆಮೇಲೆ ಎಣ್ಣೆ ಗ್ರೀಸ್ ಯಾವುದರ ಚಿಂತೆಯೂ ಇರುವುದಿಲ್ಲ ಎಂದರು. ದೊಡ್ಡ ಲಾರಿಗಳ ಕಿಂಗ್‌ಪಿನ್ನಿಗೆ ಸೂಜಿ ಬೇರಿಂಗ್ ಇರುವುದುಂಟು. ಅಲ್ಲಿ ಪಿನ್ನನ್ನೂ ಅದಕ್ಕೆ ತಕ್ಕ ಹಾಗೆ ಗಡುಸು ಮಾಡಿರುತ್ತಾರೆ. ಹಾಗೆ ಗಡುಸು ಮಾಡಿರದ ಉಕ್ಕಿನ ಮೇಲೆ ಆ ಸೂಜಿಗಳು ಗೆರೆ ಕೊರೆಯುತ್ತವೆ. ನಾನು ಬೇಡವೆಂದೆ. ಇದೇ ಟ್ರಯಂಫ್ ಕಂಬವನ್ನೂ ಟ್ರನ್ನಿಯನನ್ನೂ ಲೋಟಸ್‌ನವರು ತಮ್ಮ ಎಲಾನ್ ಸ್ಪೋರ್ಟ್ಸ್ ಕಾರಿಗೆ ಹಾಕಿಕೊಂಡಿದ್ದರು. ವಿನ್ಯಾಸದಲ್ಲಿ ದೋಷವಿರಲಿಲ್ಲ, ಎಣ್ಣೆ ಹಾಕುವ ಕೈ ತಪ್ಪಿತ್ತು. ಹೊಸ ಕಂಬ, ಹೊಸ ಟ್ರನ್ನಿಯನ್ ಇಂಗ್ಲೆಂಡಿನಿಂದ ಪಾರ್ಸೆಲಿನಲ್ಲಿ ಬಂದವು, ಎಡಕ್ಕೆ ಬೇರೆ ಬಲಕ್ಕೆ ಬೇರೆ. ಹಿಂದೆ ಯಾನೈಕವುನಿಯಲ್ಲೇ ಸಿಗುತ್ತಿದ್ದದ್ದಕ್ಕೆ ಎರಡು ತಿಂಗಳು ಕಾದೆ.

2021ರಿಂದ ಐವತ್ತು ವರ್ಷ ದಾಟಿದ ಕಾರುಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ ನಿಯಮ ಮಾಡಿದೆ. ಒಳ್ಳೆಯದೇ. ಕಾರಿಗೆ ಕಾಗದ ಸಿಕ್ಕಿತು; ಅದನ್ನು ಓಡುವ ಹಾಗಿಡುತ್ತಿದ್ದ ಕೈಗಳಿಗೆ ಏನೂ ಸಿಗಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಓಣಿಗಳಲ್ಲಿ, ಹುಬ್ಬಳ್ಳಿಯಲ್ಲಿ, ಮಂಗಳೂರಿನಲ್ಲಿ, ನಿಮ್ಮೂರ ಬಸ್‌ಸ್ಟ್ಯಾಂಡಿನ ಹಿಂದೆ, ಕೈಯಲ್ಲಿ ರೀಮರ್ ತಿರುಗಿಸಬಲ್ಲ ಒಬ್ಬಿಬ್ಬರು ಇನ್ನೂ ಇರಬಹುದು. ಇದ್ದರೆ ಈ ವಾರವೇ ಹೋಗಿ. ಒಂದು ಬುಷ್ ಕಡೆಸಿ, ಕೇಳಿದಷ್ಟು ಕೊಡಿ, ಪಕ್ಕದಲ್ಲಿ ನಿಂತು ನೋಡಿ, ಹೇಳಿದ್ದನ್ನು ಬರೆದಿಟ್ಟುಕೊಳ್ಳಿ; ಜೊತೆಗೆ ಮನೆಯ ಮಕ್ಕಳನ್ನೂ ಕರೆದೊಯ್ಯಿರಿ.

ಮತ್ತೆ, ನಿಮ್ಮ ಮನೆಯ ಶೆಡ್ಡಿನಲ್ಲಿ ಹೆರಾಲ್ಡ್ ಇದ್ದರೆ ಟ್ರನ್ನಿಯನ್‌ಗೆ ಗ್ರೀಸ್ ಹಾಕಬೇಡಿ. 90ನೇ ನಂಬರಿನ ಗೇರ್ ಎಣ್ಣೆಯನ್ನು, ಮೇಲಿನ ಬಾಯಲ್ಲಿ ಒಸರುವ ತನಕ ಹಾಕಿ.